ಟವೆಲ್ ಕೆಳಗಿನ ಬೆಲೆ

"ಇದು ನಿನ್ನ ಕೈಲಿ ಆಗೋದಲ್ಲ. ಮೂಗಿಗಿಂತ ಮೂಗುತಿ ಭಾರ ಆಗುತ್ತೆ."

ಹೀಗೆ ಮೊದಲು ಹೇಳಿದವನು ನನ್ನ ಒಡಹುಟ್ಟಿದ ಅಣ್ಣ. ಬಟ್ಟೆ ಒಗೆದು ಕೊಡುವ ಅಂಗಡಿ ಹಾಕುತ್ತೇನೆ ಅಂದಾಗ ಹೇಳಿದ. ತಳ್ಳುಗಾಡಿ ಕೊಂಡಾಗ ಹೇಳಿದ. ಮೂವತ್ತು ದಾಟಿದ ಮೇಲೆ, ಬಟ್ಟೆ ಸುತ್ತುವ ಹಳೇ ಪೇಪರಿನ ಮೇಲೆ ಬೆರಳಿಟ್ಟು ಅಕ್ಷರ ಕೂಡಿಸಿ ಓದಲು ಕಲಿತಾಗ ಮಾತ್ರ ಏನೂ ಹೇಳಲಿಲ್ಲ, ನಕ್ಕ. ಹಳೇ ವ್ಯಾನ್ ಒಂದನ್ನು ಕೊಳ್ಳುತ್ತೇನೆ ಅಂದ ದಿನ ಬಾಯಿಗೆ ಒಯ್ದ ತುತ್ತನ್ನು ಹಾಗೇ ಹಿಡಿದು ನನ್ನ ಮುಖ ನೋಡಿದ. ಹಳೇ ಗಾಡಿಯೂ ಹಳೇ ಬಾವಿಯೂ ಒಂದೇ ಅಂದ. ಆಳ ಎಷ್ಟು ಅನ್ನುವುದು ಬಿದ್ದವರಿಗೆ ಮಾತ್ರ ಗೊತ್ತಂತೆ.

ಹಾಗಾಗಿ ಈ ವಿಷಯ ಅವನಿಗೆ ಇವತ್ತಿಗೂ ಹೇಳಿಲ್ಲ. ನಿಮಗೆ ಹೇಳುತ್ತೇನೆ. ನಡೆದದ್ದು ನನಗೆ. ಪಕ್ಕದಲ್ಲಿ ನಿಂತು ಕಣ್ಣಾರೆ ನೋಡಿದವನು ನನ್ನ ದೊಡ್ಡಮ್ಮನ ಮಗ, ನನಗಿಂತ ನಾಲ್ಕು ವರ್ಷ ಚಿಕ್ಕವನು, ಬಾಡಿಗೆ ಕಾರು ಓಡಿಸುತ್ತಾನೆ. ಬೀದಿಯವರೆಲ್ಲ ಅವನನ್ನು ಸೈಲೆನ್ಸರ್ ಅಂತ ಕರೆಯುತ್ತಾರೆ, ಮಾತು ನಿಲ್ಲಿಸುವುದೇ ಇಲ್ಲವಲ್ಲ, ಅದಕ್ಕೆ. ಆದರೆ ಆ ರಾತ್ರಿಯ ಮಾತು ಎತ್ತಿದರೆ ಅವನೂ ಚಪ್ಪಲಿ ಹುಡುಕಿಕೊಂಡು ಎದ್ದು ಹೋಗುತ್ತಾನೆ.

ಆಗ ನನ್ನ ಹತ್ತಿರ ಇದ್ದದ್ದು ಮೂರು ಲಕ್ಷದ ಹತ್ತು ಸಾವಿರ. ಒಂಬತ್ತು ವರ್ಷದ ದುಡಿಮೆ. ಒಂದು ದೊಡ್ಡ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ಕೆಲಸ ನನಗೆ ಸಿಕ್ಕಿತ್ತು, ದಿನಕ್ಕೆ ಇನ್ನೂರು ಚಾದರ. ಷರತ್ತು ಎರಡು. ಬೆಳಿಗ್ಗೆ ಆರಕ್ಕೆ ಬಟ್ಟೆ ಅವರ ಹಿಂಬಾಗಿಲಲ್ಲಿ ಇರಬೇಕು. ಸ್ವಂತ ಗಾಡಿಯಲ್ಲಿ ಬರಬೇಕು. ತಿಂಗಳ ಒಂದನೇ ತಾರೀಕಿಗೆ ಶುರು, ಉಳಿದದ್ದು ಎಂಟು ದಿನ. ಗಾಡಿಗೆ ಎರಡೂವರೆ ಲಕ್ಷ, ಬಟ್ಟೆ ಒಣಗಿಸುವ ಹಳೇ ಯಂತ್ರಕ್ಕೆ ಐವತ್ತು ಸಾವಿರ, ಕಾಗದಪತ್ರಕ್ಕೆ ಹತ್ತು. ಇದು ನನ್ನ ಲೆಕ್ಕ. ಗಾಡಿ ಕೆಟ್ಟದ್ದಾದರೆ ಹಣ ಹೋಯಿತು, ಆಸ್ಪತ್ರೆ ಹೋಯಿತು, ಅಣ್ಣನ ಮಾತು ಗೆದ್ದಿತು.

ದುಡ್ಡು ಹೋದರೆ ಮತ್ತೆ ದುಡಿಯಬಹುದು. ಅಣ್ಣನ ಮಾತು ಗೆಲ್ಲಬಾರದು.

ಒಂದು ರಾತ್ರಿ ಕೊನೆಯ ಬಟ್ಟೆ ಗಂಟನ್ನು ಒಂದು ಲಾಡ್ಜಿಗೆ ಕೊಟ್ಟು ಒಬ್ಬಳೇ ಮನೆಗೆ ನಡೆದು ಬರುತ್ತಿದ್ದೆ. ದಾರಿಯಲ್ಲಿ ಹಳೇ ಗಾಡಿ ಮಾರುವ ದಲ್ಲಾಳಿಯ ಅಂಗಳ ಸಿಗುತ್ತದೆ. ಸುತ್ತ ತಂತಿ ಬೇಲಿ, ಮೂಲೆಯಲ್ಲಿ ಒಂದು ಬಾವಿ. ಬಾವಿಗೆ ಕಬ್ಬಿಣದ ಜಾಲರಿ ಮುಚ್ಚಿದ್ದಾರೆ, ಗಾಡಿ ತೊಳೆಯಲು ಅದರ ನೀರೇ. ವರ್ಷಗಳಿಂದ ನಡೆಯುವ ದಾರಿ, ಹೆದರಿಕೆ ಏನಿಲ್ಲ. ಬೇಲಿ ಪಕ್ಕ ಬಂದಾಗ ಒಂದು ಸದ್ದು.

ಟಿಣ್…

ಬಾವಿಯ ಸರಪಳಿ ಇರಬೇಕು ಅಂದುಕೊಂಡೆ. ಎರಡು ಹೆಜ್ಜೆ ಇಟ್ಟೆ. ಟಿಣ್… ಸರಪಳಿ ಅಲ್ಲ. ಸರಪಳಿಯ ಸದ್ದು ಒರಟು. ಇದು ತೆಳು. ಗಾಜಿಗೆ ಗಾಜು ತಾಗಿದ ಹಾಗೆ, ತಾಗಿ ಬೇಡ ಅಂತ ಹಿಂದೆ ಸರಿದ ಹಾಗೆ. ಗಾಳಿ ಇರಲಿಲ್ಲ. ಬಾವಿಯ ಪಕ್ಕದಲ್ಲಿ, ಬೇರೆ ಗಾಡಿಗಳಿಂದ ದೂರವಾಗಿ, ಒಂದು ಬಿಳಿ ವ್ಯಾನ್ ನಿಂತಿತ್ತು. ಅದರ ಎದೆಗೆ ಒಂದು ರಟ್ಟು ತೂಗುಹಾಕಿ, ಎರಡು ಇಪ್ಪತ್ತು ಅಂತ ಬರೆದಿದ್ದರು.

ಸದ್ದು ಮರೆತೆ. ರಟ್ಟು ಮಾತ್ರ ತಲೆಯಲ್ಲಿ ಉಳಿಯಿತು.

ಮಾರನೆಯ ದಿನ ಮಧ್ಯಾಹ್ನ ಹೋದೆ. ದಲ್ಲಾಳಿ ಅರವತ್ತರ ಆಸುಪಾಸು, ಹೆಗಲ ಮೇಲೆ ಸದಾ ಒಂದು ಟವೆಲ್, ಕೈಯಲ್ಲಿ ದಪ್ಪ ಉಂಗುರ. ನನ್ನನ್ನು ನೋಡಿದ, ನನ್ನ ಹಿಂದೆ ನೋಡಿದ. ಗಂಡಸು ಯಾರಾದರೂ ಬರುತ್ತಾರಾ ಅಂತ. ಯಾರೂ ಬರಲಿಲ್ಲ. ಏನಮ್ಮಾ ಗಂಟಕ್ಕ, ತಳ್ಳುಗಾಡಿ ಸಾಕಾಯಿತಾ ಅಂತ ಕೇಳಿದ. ಬಟ್ಟೆ ಗಂಟು ಹೊತ್ತು ಓಡಾಡುವುದರಿಂದ ನನಗೆ ಆ ಹೆಸರು. ನಾನು ಚೀಲದಿಂದ ಅಯಸ್ಕಾಂತ ತೆಗೆದೆ.

ಹಳೇ ಪುಸ್ತಕದ ರಾಶಿಯಲ್ಲಿ ನನಗೆ ಒಂದು ಮೆಕ್ಯಾನಿಕ್ ಪುಸ್ತಕ ಸಿಕ್ಕಿತ್ತು. ಮುಖಪುಟ ಇಲ್ಲ, ಕೊನೆಯ ಇಪ್ಪತ್ತು ಹಾಳೆ ಇಲ್ಲ. ಉಳಿದದ್ದನ್ನು ಮೂರು ಸಲ ಓದಿದ್ದೆ. ಅಯಸ್ಕಾಂತವನ್ನು ಕರವಸ್ತ್ರದಲ್ಲಿ ಸುತ್ತಿ ಗಾಡಿಯ ಮೈಯೆಲ್ಲ ಎಳೆದೆ. ಬಣ್ಣದ ಕೆಳಗೆ ಪುಟ್ಟಿ ಮೆತ್ತಿದ್ದರೆ ಅಲ್ಲಿ ಹಿಡಿತ ಬಿಡುತ್ತದೆ. ಎಲ್ಲೂ ಬಿಡಲಿಲ್ಲ. ಬಾಗಿಲ ಕೀಲಿನ ಬೋಲ್ಟುಗಳ ಮೇಲೆ ಬಣ್ಣ ಒಡೆದಿರಲಿಲ್ಲ, ಅಂದರೆ ಬಾಗಿಲು ಕಳಚಿಲ್ಲ, ಡಿಕ್ಕಿ ಹೊಡೆದಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದೆ. ನೆರೆಯಲ್ಲಿ ಮುಳುಗಿದ ಗಾಡಿಯಾದರೆ ಬೆಲ್ಟಿನ ಒಳಸುತ್ತಿನಲ್ಲಿ ಕೆಸರಿನ ಗೆರೆ ಇರುತ್ತದೆ, ಅದನ್ನು ತೊಳೆಯಬೇಕು ಅಂತ ಯಾರಿಗೂ ಹೊಳೆಯುವುದಿಲ್ಲ. ಗೆರೆ ಇರಲಿಲ್ಲ. ಆಯಿಲ್ ಮುಚ್ಚಳದ ಒಳಗೆ ಬಿಳಿ ನೊರೆ ಇರಲಿಲ್ಲ, ಅಂದರೆ ಎಂಜಿನ್ನಿಗೆ ನೀರು ಸೇರಿಲ್ಲ. ಮೀಟರು ತೊಂಬತ್ತೊಂದು ಸಾವಿರ ಅನ್ನುತ್ತಿತ್ತು. ಮೀಟರು ಸುಳ್ಳು ಹೇಳಬಹುದು, ಕ್ಲಚ್ ಪೆಡಲಿನ ರಬ್ಬರು ಹೇಳುವುದಿಲ್ಲ. ರಬ್ಬರೂ ಅಷ್ಟೇ ಸವೆದಿತ್ತು.

ಹಿಂದೆ ಸಾಮಾನು ಇಡುವ ಜಾಗದಲ್ಲಿ ಒಂದು ಮರದ ಚೌಕಟ್ಟು, ಅದಕ್ಕೆ ಕಂಬಳಿ ಹೊದಿಸಿ ಮೊಳೆ ಹೊಡೆದಿದ್ದರು. ಇದು ಗಾಜಿನವನ ಗಾಡಿ ಅಂದ ದಲ್ಲಾಳಿ. ಕಿಟಕಿಗೆ, ಬಾಗಿಲಿಗೆ ಗಾಜು ಹಾಕುವವನು. ಜೀವನವೆಲ್ಲ ಗಾಜು ಹೊತ್ತ ಗಾಡಿ, ಒಂದು ಗುಂಡಿಗೂ ಜೋರಾಗಿ ಇಳಿದಿಲ್ಲ. ಅವನು ಎರಡು ತಿಂಗಳ ಹಿಂದೆ ತೀರಿಕೊಂಡ, ಹೆಂಡತಿ ಮಾರುತ್ತಿದ್ದಾಳೆ, ನನಗೆ ಸಿಗುವುದು ಕಮಿಷನ್ ಅಷ್ಟೇ.

ಗಾಡಿಯಲ್ಲೇ ಸತ್ತನಾ ಅಂತ ಕೇಳಿದೆ.

ಇಲ್ಲ, ಮನೆಯಲ್ಲಿ, ಹಾಸಿಗೆ ಮೇಲೆ, ಎದೆ ರೋಗ ಅಂದ. ಅದು ನಿಜವೇ ಆಗಿತ್ತು, ಆಮೇಲೆ ವಿಚಾರಿಸಿದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಪೇಪರಿನ ಜಾಹೀರಾತು ಕತ್ತರಿಸಿ ಇಟ್ಟುಕೊಂಡಿದ್ದೆ. ಅದೇ ಮಾದರಿ, ಅದೇ ವರ್ಷ, ಏಳು ಗಾಡಿ. ಹೋಲಿಸಿ ನೋಡಿದೆ. ಎರಡು ಟೈರು ಹಳೆಯದು, ಕಳೆದೆ. ಬ್ಯಾಟರಿ ಕಳೆದೆ. ಹೇಗೆ ಕಳೆದರೂ ಕೂಡಿದರೂ ಆ ಗಾಡಿಯ ನ್ಯಾಯದ ಬೆಲೆ ಮೂರು ಲಕ್ಷ. ಅವನು ಎರಡು ಇಪ್ಪತ್ತಕ್ಕೆ ಕೊಡುತ್ತೇನೆ ಅನ್ನುತ್ತಾನೆ. ಹೆಚ್ಚು ಹೇಳಿದವನ ಮೋಸ ಎದುರಿಗೆ ಕಾಣುತ್ತದೆ, ಜಗಳವಾಡಬಹುದು. ಕಡಿಮೆ ಹೇಳಿದವನ ಮೋಸವನ್ನು ಎಲ್ಲಿ ಅಂತ ಹುಡುಕುವುದು? ಎದ್ದು ನೀರು ಕುಡಿದೆ. ಮಲಗಿದೆ. ಮತ್ತೆ ಎದ್ದು ದೀಪ ಹಾಕಿ ಪುಸ್ತಕ ತೆಗೆದೆ. ಹರಿದು ಹೋದ ಇಪ್ಪತ್ತು ಹಾಳೆಯಲ್ಲೇ ಉತ್ತರ ಇತ್ತೇನೋ ಅನ್ನಿಸಿತು.

ಸೈಲೆನ್ಸರ್‌ನನ್ನು ಕೇಳಿದೆ. ಅವನು ಹೇಳಿದ್ದು ಒಂದೇ. "ಅಕ್ಕ, ಹಗಲು ಹೊತ್ತಲ್ಲಿ ನೋಡಿದರೆ ಏನೂ ಪ್ರಯೋಜನ ಇಲ್ಲ. ಗಿರಾಕಿ ಬರೋ ಮೊದಲೇ ಎಂಜಿನ್ ಬಿಸಿ ಮಾಡಿ ಇಟ್ಟಿರ್ತಾರೆ. ರಾತ್ರಿ ಹೇಳದೆ ಕೇಳದೆ ಹೋಗಬೇಕು. ತಣ್ಣಗಿರೋ ಎಂಜಿನ್ ಸುಳ್ಳು ಹೇಳಲ್ಲ."

ಹೋದೆವು. ಲಾಡ್ಜಿನ ಗಂಟು ಕೊಟ್ಟು, ಹತ್ತೂವರೆಗೆ. ಬೀದಿ ದೀಪ ಒಂದು ಬಿಟ್ಟು ಒಂದು ಉರಿಯುತ್ತಿತ್ತು. ದಾರಿಯುದ್ದಕ್ಕೂ ಅವನು ಯಾವುದೋ ಗಿರಾಕಿ ಬಾಡಿಗೆ ಕೊಡದೆ ಓಡಿದ ಕತೆ ಹೇಳುತ್ತಿದ್ದ. ಬಾವಿಯ ಹತ್ತಿರ ಬಂದಾಗ ಕತೆ ಅರ್ಧಕ್ಕೆ ನಿಂತಿತು.

ಟಿಣ್…

"ಏನಕ್ಕ ಅದು?"

"ಗಾಡಿ ಒಳಗಿಂದ."

"ಖಾಲಿ ಗಾಡಿ ಅಂದೆಯಲ್ಲ."

"ಖಾಲಿಯೇ."

ದಲ್ಲಾಳಿ ಅಂಗಳದಲ್ಲೇ ವಾಸ. ಆದರೆ ಅವನ ಕುರ್ಚಿ ಅಂಗಳದ ಆಚೆ ತುದಿಯಲ್ಲಿ, ಗೇಟಿಗೆ ಒತ್ತಿಕೊಂಡಿತ್ತು. ನಮ್ಮನ್ನು ಕಂಡು ಅವನಿಗೆ ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಯಾರಾದರೂ ಬಂದರಲ್ಲ ಅನ್ನುವ ಹಾಗೆ ಎದ್ದ. ಕೀಲಿ ಕೊಟ್ಟ. ತಾನು ಮಾತ್ರ ಹತ್ತು ಹೆಜ್ಜೆ ದೂರದಲ್ಲಿ ನಿಂತ.

ಬಾನೆಟ್ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು. ಆಚೆ ಸಾಲಿನ ಕಾರುಗಳನ್ನೂ ಮುಟ್ಟಿ ನೋಡಿದೆ. ಅವೂ ತಣ್ಣಗೇ, ಆದರೆ ಇದರಷ್ಟಲ್ಲ. ತಮ್ಮ ಸೈಲೆನ್ಸರ್ ಒಳಗೆ ಕೂತು ಕೀಲಿ ತಿರುಗಿಸಿದ. ಕಿರ್… ಕಿರ್… ಗುರ್‍ರ್. ಎರಡನೇ ಸುತ್ತಿಗೇ ಹತ್ತಿಕೊಂಡಿತು. ನಾನು ಹೊಗೆ ಕೊಳವೆಯ ಹಿಂದೆ ಒಂದು ಬಿಳಿ ಹಾಳೆ ಹಿಡಿದೆ. ಎಣ್ಣೆಯ ಚುಕ್ಕೆ ಒಂದೂ ಬೀಳಲಿಲ್ಲ. ಕಿವಿಗೊಟ್ಟೆ. ಎಂಜಿನ್ ಗೋಡೆ ಗಡಿಯಾರದ ಹಾಗೆ ಒಂದೇ ಸಮ. ತಮ್ಮ ನನ್ನ ಕಡೆ ನೋಡಿ ತಲೆ ಆಡಿಸಿದ. ದೋಷ ಇಲ್ಲ. ಎಲ್ಲೂ ಇಲ್ಲ.

ಹಿಂದಿನಿಂದ… ಟಿಣ್.

ಚೌಕಟ್ಟು ಸಡಿಲವಾಗಿರಬೇಕು ಅಂದ ತಮ್ಮ. ಹಿಂದೆ ಹೋಗಿ ಎರಡೂ ಕೈಯಲ್ಲಿ ಅದನ್ನು ಒತ್ತಿ ಹಿಡಿದ. ಎಂಜಿನ್ ಆರಿಸು ಅಂದ. ಆರಿಸಿದೆ. ಅಂಗಳ ಪೂರ್ತಿ ನಿಶ್ಶಬ್ದ. ಬಾವಿಯಲ್ಲಿ ಎಲ್ಲೋ ಒಂದು ಹನಿ ಬಿದ್ದ ಸದ್ದೂ ಕೇಳಿಸಿತು. ಆಮೇಲೆ ಅವನ ಕೈಯ ಕೆಳಗಿಂದಲೇ… ಟಿಣ್. ತಮ್ಮ ಇಳಿದು ಬಂದ. ಅವನು ಮಾತಾಡದೆ ಇದ್ದದ್ದನ್ನು ನಾನು ಅವತ್ತು ಮೊದಲ ಸಲ ನೋಡಿದ್ದು.

ದಲ್ಲಾಳಿ ದೂರದಿಂದಲೇ ಹೇಳಿದ. "ಎರಡು ಇಪ್ಪತ್ತು ಬೇಡ ಅಂದರೆ ಎರಡಕ್ಕೇ ತಗೊಂಡು ಹೋಗಿ."

ನಾನು ಇನ್ನೂ ಬಾಯಿ ಬಿಟ್ಟಿರಲಿಲ್ಲ. ಕೇಳದೆಯೇ ಇಳಿಸುವ ದಲ್ಲಾಳಿಯನ್ನು ನೀವು ಎಲ್ಲಾದರೂ ನೋಡಿದ್ದೀರಾ? ನನಗೆ ಭಯ ಬರಲಿಲ್ಲ, ರೇಗಿತು. ಹೆಂಗಸು, ಅವಳಿಗೇನು ಗೊತ್ತು, ಎರಡು ಮಾತಿನಲ್ಲಿ ಸಾಗಹಾಕೋಣ ಅನ್ನುವ ಧಾಟಿ ಅದು ಅನ್ನಿಸಿತು.

ಇಲ್ಲಿ ಒಂದು ವಿಷಯ ಹೇಳಬೇಕು. ಈ ದಲ್ಲಾಳಿ ಮೊದಲು ದನ ಮಾರಿಸುತ್ತಿದ್ದವನು. ಗಾಡಿ ವ್ಯಾಪಾರಕ್ಕೂ ಅದೇ ರೀತಿ ತಂದಿದ್ದ. ಗಿರಾಕಿಯ ಕೈಮೇಲೆ ಟವೆಲ್ ಹಾಕುತ್ತಾನೆ, ಕೆಳಗೆ ತನ್ನ ಕೈ ಇಡುತ್ತಾನೆ. ಬೆಲೆ ಹೇಳುವವನು ಬೆರಳು ಚಾಚಬೇಕು, ಇನ್ನೊಬ್ಬ ಹಿಡಿದು ಎಣಿಸಬೇಕು. ಒಂದು ಬೆರಳಿಗೆ ಒಂದು ಲಕ್ಷ. ಬೆರಳು ಮಡಚಿದರೆ ಅರ್ಧ. ಸುತ್ತ ನಿಂತವರಿಗೆ ಬೆಲೆ ಗೊತ್ತಾಗಬಾರದು, ಅದಕ್ಕೆ ಟವೆಲ್. ಆದರೆ ಟವೆಲ್ ಗಂಡಸರಿಗೆ ಮಾತ್ರ. ಹೆಂಗಸರಿಗೆ ಬಾಯಿಬೆಲೆ, ಊರಿಗೆಲ್ಲ ಕೇಳುವ ಹಾಗೆ.

"ಟವೆಲ್ ಹಾಕಿ" ಅಂದೆ.

"ಈ ಗಾಡಿಗೆ ಟವೆಲ್ ಬೇಡಮ್ಮ."

"ಹೆಂಗಸು ಅಂತಲಾ?"

"ಅದಕ್ಕಲ್ಲ." ವ್ಯಾನಿನ ಕಡೆ ಒಮ್ಮೆ ನೋಡಿದ. "ಬೇಡ ಅಂದ್ರೆ ಬೇಡ. ಎರಡಕ್ಕೆ ಒಯ್ಯಿ ತಾಯಿ."

"ಟವೆಲ್ ಹಾಕದೆ ನಾನು ಈ ಅಂಗಳ ಬಿಟ್ಟು ಹೋಗಲ್ಲ."

ನನ್ನ ಹಟ ನನ್ನನ್ನು ಎಷ್ಟೋ ಕಡೆ ಉಳಿಸಿದೆ. ಅವತ್ತು ಉಳಿಸಿತೋ ಕೆಡಿಸಿತೋ, ನೀವೇ ಹೇಳಿ. ಅವನು ಹತ್ತಿರ ಬಂದ. ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕೈಮೇಲೆ ಹರಡಿದ. ತಮ್ಮ ಟಾರ್ಚ್ ಹಿಡಿದಿದ್ದ. ಕೆಳಗೆ ದಲ್ಲಾಳಿಯ ಕೈ ಬಂತು. ಬಿಸಿ ಕೈ, ಬೆವರಿತ್ತು, ಉಂಗುರ ತಾಗಿತು. ಎರಡು ಬೆರಳು ಚಾಚಿದ. ಎರಡು ಲಕ್ಷ. ನಾನು ಒಂದು ಚಾಚಿ ಒಂದು ಮಡಚಿದೆ. ಒಂದೂವರೆ. ಅವನು ಹಿಡಿದು ನೋಡಿದ. ಬಿಟ್ಟ. ಕೈ ಆಚೆ ಸರಿಯಿತು.

ಮತ್ತೆ ಕೈ ಬಂತು.

ತಣ್ಣಗಿತ್ತು. ಬಾನೆಟ್ ಎಷ್ಟು ತಣ್ಣಗಿತ್ತೋ ಅಷ್ಟು. ಒಣಗಿದ, ಗೀರುಗೀರಾದ ಕೈ. ಉಂಗುರ ಇರಲಿಲ್ಲ. ಅವಸರ ಇಲ್ಲದೆ ನನ್ನ ಅಂಗೈಯೊಳಗೆ ಬೆರಳುಗಳನ್ನು ಇಟ್ಟಿತು. ಒಂದು ಪೂರ್ತಿ ಬೆರಳು. ಇನ್ನೊಂದು ಪೂರ್ತಿ ಬೆರಳು. ಮೂರನೆಯದು ಅರ್ಧ.

ಎರಡೂವರೆ.

"ಎರಡು ಅಂತ ಹೇಳಿ ಈಗ ಎರಡೂವರೆ ಅಂದರೆ ಹೇಗೆ ಸ್ವಾಮಿ" ಅಂತ ತಲೆ ಎತ್ತಿದೆ.

ದಲ್ಲಾಳಿ ಎರಡು ಹೆಜ್ಜೆ ಹಿಂದೆ ನಿಂತಿದ್ದ. ಅವನ ಎರಡು ಕೈಯೂ ಅವನ ಬಾಯಿಯ ಮೇಲೆ ಇದ್ದವು.

ತಮ್ಮ ಟಾರ್ಚನ್ನು ದಲ್ಲಾಳಿಯ ಕಡೆ ತಿರುಗಿಸಿದ. ಅವನು ಉಸಿರಿನಲ್ಲೇ ಹೇಳಿದ. "ಅಕ್ಕ… ಅವರ ಕೈ ಅಲ್ಲಿದೆ."

ನನಗೂ ಕಾಣುತ್ತಿತ್ತು. ಟವೆಲ್ ಮಾತ್ರ ಎರಡು ಕೈಗಳ ಮೇಲೆ ಹಾಸಿದ ಹಾಗೇ ಉಬ್ಬಿ ನಿಂತಿತ್ತು. ಒಂದು ಕೈ ನನ್ನದು. ಆಚೆ ತುದಿಯಲ್ಲಿ ಯಾರೂ ಇರಲಿಲ್ಲ. ಬಾವಿಯ ಜಾಲರಿ ಕಾಣುತ್ತಿತ್ತು, ಅಷ್ಟೇ.

ಕೈ ಎಳೆದುಕೊಳ್ಳಬಹುದಿತ್ತು. ಎಳೆದುಕೊಳ್ಳಲಿಲ್ಲ. ಆ ಬೆರಳುಗಳು ನನ್ನ ಅಂಗೈಯಲ್ಲಿ ಮತ್ತೊಂದು ಸಲ ಒತ್ತಿದವು… ಒಂದು, ಎರಡು, ಮತ್ತೆ ಆ ಮೂರನೆಯದು. ಈಗ ನಿಜ ಹೇಳಬೇಕು. ಬೆರಳು ಮಡಚಿದ್ದರೆ ಗೆಣ್ಣು ಕೈಗೆ ಸಿಗುತ್ತದೆ. ನನಗೆ ಗೆಣ್ಣು ಸಿಗಲಿಲ್ಲ. ಆ ಬೆರಳಿನ ತುದಿ ನುಣ್ಣಗೆ, ಗುಂಡಗೆ ಇತ್ತು. ಅದು ನನಗೆ ಆಗಲೇ ಗೊತ್ತಾಯಿತು. ಆದರೆ ಎರಡೂವರೆಗೆ ನನ್ನ ಲೆಕ್ಕ ಕೂಡುತ್ತದೆ, ಒಣಗಿಸುವ ಯಂತ್ರ ಬರುತ್ತದೆ. ನನಗೆ ಬೇಕಾದಷ್ಟನ್ನು ಎಣಿಸಿಕೊಂಡೆ.

"ಎರಡೂವರೆ. ಒಪ್ಪಿದೆ" ಅಂದೆ. ಯಾರಿಗೆ ಹೇಳಿದೆನೋ ಗೊತ್ತಿಲ್ಲ.

ಕೈ ತಕ್ಷಣ ಹೋಗಲಿಲ್ಲ. ಇನ್ನೊಂದು ಸಲ ಗಟ್ಟಿಯಾಗಿ ಒತ್ತಿತು, ತಪ್ಪು ಉತ್ತರ ಬರೆದ ಮಗುವಿನ ಸ್ಲೇಟನ್ನು ಮೇಷ್ಟ್ರು ಬೆರಳಿನಿಂದ ಕುಟ್ಟುವ ಹಾಗೆ. ಆಮೇಲೆ ಟವೆಲ್ ಸಪ್ಪಗೆ ಕೆಳಗೆ ಬಿತ್ತು. ನನ್ನ ಅಂಗೈಯಲ್ಲಿ ಸಕ್ಕರೆಯಂಥ ಸಣ್ಣ ಪುಡಿ ಇತ್ತು. ಟಾರ್ಚಿನ ಬೆಳಕಿಗೆ ಮಿನುಗಿತು.

ದಲ್ಲಾಳಿ ಆಮೇಲೆ ಎಲ್ಲ ಒಪ್ಪಿಕೊಂಡ. ನನಗಿಂತ ಮೊದಲು ನಾಲ್ಕು ಜನ ಟವೆಲಿಗೆ ಕೈ ಕೊಟ್ಟಿದ್ದರಂತೆ. ನಾಲ್ವರೂ ಮಾತಿಲ್ಲದೆ ಕಾಲಿಗೆ ಬುದ್ಧಿ ಹೇಳಿದ್ದರು, ಒಬ್ಬ ತನ್ನ ಸೈಕಲ್ಲನ್ನೂ ಬಿಟ್ಟು. ಬಾಯಿಬೆಲೆ ಹೇಳಿದರೆ ಏನೂ ಆಗುತ್ತಿರಲಿಲ್ಲ. ಅದಕ್ಕೇ ರಟ್ಟು, ಅದಕ್ಕೇ ಅಗ್ಗ. ಗಾಡಿಯಲ್ಲಿ ಅಂಥ ದೋಷ ಇದೆ ಅಂತ ಮೊದಲೇ ಯಾಕೆ ಹೇಳಲಿಲ್ಲ ಅಂತ ತಮ್ಮ ಹಲ್ಲು ಕಚ್ಚಿ ಕೇಳಿದ. ನಿನ್ನ ಮೆಕ್ಯಾನಿಕ್ ಭಾಷೆಯಲ್ಲಿ ಇದಕ್ಕೆ ಏನಂತ ಹೇಳಲಿ ಅಂತ ದಲ್ಲಾಳಿ ತಿರುಗಿ ಕೇಳಿದ.

ದಾರಿಯಲ್ಲಿ ತಮ್ಮ ಕೈ ಮುಗಿದು ಬೇಡ ಅಂದ. ನಾನು ಕೇಳಲಿಲ್ಲ. ದೆವ್ವಕ್ಕೆ ಹೆದರಿ ಗಾಡಿ ಬಿಟ್ಟೆ ಅಂದರೆ ಅಣ್ಣ ಊರೆಲ್ಲ ಡಂಗುರ ಸಾರುತ್ತಾನೆ. ಎರಡು ದಿನದಲ್ಲಿ ಕಾಗದ ಆಯಿತು. ಗಾಜಿನವನ ಹೆಂಡತಿ ಬಂದು ಸಹಿ ಹಾಕಿದಳು. ಎಲುಬು ಕಾಣುವ ಹೆಂಗಸು, ಸೀರೆಯ ಸೆರಗಿಗೆ ಸೇಫ್ಟಿ ಪಿನ್ನು. ಎರಡೂವರೆ ಎಣಿಸಿಕೊಂಡು, ಇಷ್ಟು ಬರುತ್ತದೆ ಅಂತ ಅಂದುಕೊಂಡಿರಲಿಲ್ಲ ಅಂದಳು. ನಾನು ಅವಳ ಮುಖ ನೋಡಲಿಲ್ಲ.

ಒಂದನೇ ತಾರೀಕಿಗೆ ಕೆಲಸ ಶುರುವಾಯಿತು. ಗಾಡಿ ಬೆಣ್ಣೆಯ ಹಾಗೆ ಓಡುತ್ತಿತ್ತು. ಬೆಳಗಿನ ಐದೂವರೆಗೆ ಹಿಂದೆ ಇನ್ನೂರು ಚಾದರ, ಮುಂದೆ ನಾನು. ಹಿಂದಿನಿಂದ ಟಿಣ್… ಟಿಣ್. ಬಟ್ಟೆಯ ಮೂಟೆಯ ನಡುವೆ ಗಾಜಿನ ಸದ್ದು. ರೇಡಿಯೋ ಹಾಕಿದೆ. ಹಾಡಿನ ಮಧ್ಯ ಮಧ್ಯ ಅದೂ ಕೇಳಿಸುತ್ತಿತ್ತು. ರಾತ್ರಿ ಮಲಗಿದರೆ ಬಲಗೈ ತಾನೇ ಮುಚ್ಚಿಕೊಳ್ಳುತ್ತಿತ್ತು. ಎದ್ದು ನೋಡಿದರೆ ಯಾರದೋ ಬೆರಳು ಹಿಡಿದಂತೆ ಮುಷ್ಟಿ. ಬಿಡಿಸಿಕೊಳ್ಳಲು ಎಡಗೈ ಬೇಕಾಗುತ್ತಿತ್ತು.

ಹನ್ನೊಂದನೆಯ ದಿನ ರಸ್ತೆಯ ಉಬ್ಬಿನ ಮೇಲೆ ಗಾಡಿ ಹತ್ತಿಳಿದಾಗ ಹಿಂದೆ ಏನೋ ಛಳ್ ಅಂತ ಒಡೆಯಿತು. ದೊಡ್ಡ ಹಾಳೆ ಗಾಜು ಒಡೆದ ಸದ್ದು, ಆಮೇಲೆ ಚೂರುಗಳು ಒಂದೊಂದೇ ಉದುರುವ ಸದ್ದು… ಕಿಣ್, ಕಿಣ್, ಕಿಣಿ. ಗಾಡಿ ನಿಲ್ಲಿಸಿ ಬಾಗಿಲು ತೆಗೆದೆ. ಚಾದರಗಳು ಮಡಚಿಟ್ಟ ಹಾಗೇ ಇದ್ದವು. ಗಾಜು ಇರಲಿಲ್ಲ. ಒಂದು ಚೂರೂ ಇರಲಿಲ್ಲ.

ಆದರೆ ಆಸ್ಪತ್ರೆಯಲ್ಲಿ ಬಟ್ಟೆ ಎಣಿಸಿಕೊಳ್ಳುವ ಉಸ್ತುವಾರಿಯಮ್ಮ ಒಂದು ಚಾದರ ಕೊಡವಿದಾಗ ನೆಲದ ಮೇಲೆ ಏನೋ ಉದುರಿತು. ಬಗ್ಗಿ ಬೆರಳಿಗೆ ಹಚ್ಚಿ ನೋಡಿದರು. ಸಣ್ಣ ಪುಡಿ, ಮಿನುಗುತ್ತಿತ್ತು. ಅವರು ಕೂಗಾಡುವ ಹೆಂಗಸಲ್ಲ, ಅದೇ ಕಷ್ಟ. "ಗಾಯ ಆದವರು ಮಲಗೋ ಬಟ್ಟೆ ಇದು" ಅಂದರು. "ಇನ್ನೊಂದು ಸಲ ಇದು ಕಂಡರೆ ನಾಳೆಯಿಂದ ನೀವು ಬರೋದು ಬೇಡ."

ಆ ಮಧ್ಯಾಹ್ನ ಗಾಡಿಯ ಹಿಂಭಾಗವನ್ನು ಮೂರು ಸಲ ಗುಡಿಸಿದೆ, ತೊಳೆದೆ. ಒಂದು ಕಣವೂ ಸಿಗಲಿಲ್ಲ. ಕೊನೆಗೆ ಆ ಮರದ ಚೌಕಟ್ಟೇ ಬೇಡ ಅಂತ ಮೊಳೆ ಕಿತ್ತೆ. ಅದರ ಅಡಿಯಲ್ಲಿ ಒಂದು ಗಾಜು ಕೊರೆಯುವ ಕಡ್ಡಿ ಸಿಕ್ಕಿತು. ಹಿತ್ತಾಳೆ ಹಿಡಿ, ತುದಿಯಲ್ಲಿ ಒಂದು ಸಣ್ಣ ಚಕ್ರ. ಅವನ ಕೆಲಸದ ಸಾಮಾನು, ನನ್ನದಲ್ಲ. ಕೊಟ್ಟುಬಿಟ್ಟರೆ ಎಲ್ಲ ಮುಗಿಯುತ್ತದೆ ಅನ್ನುವ ಆಸೆ. ಗಾಜಿನವನ ಮನೆ ಹುಡುಕಿಕೊಂಡು ಹೋದೆ.

ಎರಡು ಕೋಣೆಯ ಮನೆ. ಅವಳು ಸ್ಟೂಲಿನ ಮೇಲೆ ಕೂರಿಸಿ ಟೀ ಕೊಟ್ಟಳು. ಕಡ್ಡಿಯನ್ನು ಕೈಯಲ್ಲಿ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದಳು. ಬೇರೆಯವರು ಇದನ್ನು ತೋರುಬೆರಳಿಗೆ ಒರಗಿಸಿ ಹಿಡಿಯುತ್ತಾರಂತೆ, ಅವಳ ಗಂಡ ಮಧ್ಯದ ಬೆರಳಿಗೆ ಒರಗಿಸುತ್ತಿದ್ದ. ಯಾಕೆ ಅಂತ ಕೇಳಿದೆ.

"ತೋರುಬೆರಳು ಅರ್ಧ ತಾನೇ ಇದ್ದದ್ದು. ಮದುವೆಗೂ ಮೊದಲೇ ಗಾಜು ತಿಂದುಬಿಟ್ಟಿತ್ತು." ಅವಳು ಸಣ್ಣಗೆ ನಕ್ಕಳು. "ಟೀ ಅಂಗಡಿಯಲ್ಲಿ ಎರಡು ಬೆರಳು ತೋರಿಸಿದರೆ, ಏನಣ್ಣ ಒಂದೂವರೆ ಟೀನಾ ಅಂತ ತಮಾಷೆ ಮಾಡೋರು. ಇವರಿಗೂ ಅಭ್ಯಾಸ ಆಗಿತ್ತು. ಎಣಿಸೋಕೆ ಬರದೆ ಇರೋನಿಗೆ ಎಷ್ಟು ಬೆರಳು ಇದ್ದರೇನು ಅನ್ನೋರು."

ಟೀ ಲೋಟ ಕೆಳಗಿಟ್ಟೆ.

ಬೆರಳು ಮೂರು. ಒಂದನ್ನೂ ಮಡಚಿರಲಿಲ್ಲ. ಇದ್ದಷ್ಟನ್ನು ಅವನು ಚಾಚಿದ್ದ. ಮೂರು ಲಕ್ಷ ಅಂತ ನನ್ನ ಸ್ವಂತ ಲೆಕ್ಕವೇ ಹೇಳಿತ್ತು, ಪೇಪರಿನ ಏಳು ಜಾಹೀರಾತು ಹೇಳಿದ್ದವು, ಸಿಗದ ಗೆಣ್ಣು ಹೇಳಿತ್ತು. ಯಾರೂ ನನಗೆ ಮೋಸ ಮಾಡಬಾರದು ಅಂತ ಅಯಸ್ಕಾಂತ ಹಿಡಿದು ಹೋದವಳು ನಾನು. ಮೋಸ ಗಾಡಿಯಲ್ಲಿ ಇರಲಿಲ್ಲ.

ಆ ರಾತ್ರಿಯೂ ಮುಷ್ಟಿ ಮುಚ್ಚಿಕೊಂಡಿತು. ಬಿಡಿಸಲಿಲ್ಲ. ಕತ್ತಲಲ್ಲಿ ಕೂತು, ನಾಳೆ ಕೊಡುತ್ತೇನೆ ಅಂತ ಮೆಲ್ಲಗೆ ಹೇಳಿದೆ. ಬೆರಳು ಒಂದೊಂದಾಗಿ ಸಡಿಲವಾದವು.

ಒಣಗಿಸುವ ಯಂತ್ರದವನಿಗೆ ಬೇಡ ಅಂತ ಹೇಳಿ ಕಳಿಸಿದೆ. ಐವತ್ತು ಸಾವಿರವನ್ನು ಒಂದು ದಿಂಬಿನ ಗವಸಿನಲ್ಲಿ ಸುತ್ತಿ ಅವಳ ಮುಂದೆ ಇಟ್ಟೆ. ಅವಳಿಗೆ ಗಾಬರಿಯಾಯಿತು.

"ವ್ಯಾಪಾರ ಮುಗಿದುಹೋಯಿತಲ್ಲ ಕಣಮ್ಮ. ಇದು ಯಾವ ಲೆಕ್ಕ?"

"ಎಣಿಸೋದರಲ್ಲಿ ತಪ್ಪಾಗಿತ್ತು ಅಕ್ಕ."

"ನಿನ್ನದಾ, ದಲ್ಲಾಳಿದಾ?"

"ನನ್ನದೇ."

ಅವಳು ಗವಸು ಬಿಚ್ಚಿ ಹಣ ತೆಗೆದುಕೊಂಡಳು. ಗವಸನ್ನು ನಾಲ್ಕು ಮಡಿಕೆ ಮಾಡಿ ನನಗೆ ವಾಪಸು ಕೊಟ್ಟಳು. ನನ್ನಷ್ಟೇ ಚೆನ್ನಾಗಿ ಮಡಚಿದ್ದಳು.

ಮರುದಿನ ಬೆಳಿಗ್ಗೆ ಐದೂವರೆಗೆ ರೇಡಿಯೋ ಹಾಕದೆ ಹೊರಟೆ. ಉಬ್ಬು ಹತ್ತಿಳಿದೆ. ಕಿವಿ ಹಿಂದೆಯೇ ಇತ್ತು. ಎಂಜಿನ್ ಸದ್ದು, ಟೈರಿನ ಸದ್ದು, ಮೂಟೆಗಳು ಒಂದಕ್ಕೊಂದು ಒರಗುವ ಮೆತ್ತನೆಯ ಸದ್ದು. ಬೇರೆ ಏನೂ ಇಲ್ಲ. ಉಸ್ತುವಾರಿಯಮ್ಮ ಹತ್ತು ಚಾದರ ಕೊಡವಿ ನೋಡಿದರು. ಏನೂ ಉದುರಲಿಲ್ಲ. ಅವತ್ತಿನಿಂದ ಇವತ್ತಿನವರೆಗೆ ಉದುರಿಲ್ಲ.

ಇದಾಗಿ ಆರು ವರ್ಷ. ನಂಬದೆ ಇರುವವರನ್ನು ನಂಬಿಸಲು ನನಗೆ ಪುರುಸೊತ್ತಿಲ್ಲ. ದಲ್ಲಾಳಿ ಈಗಲೂ ಅದೇ ಅಂಗಳದಲ್ಲಿದ್ದಾನೆ, ಟವೆಲ್ ಮಾತ್ರ ಹೆಗಲ ಮೇಲಿಲ್ಲ, ಹೋಗಿ ನೋಡಿ. ವ್ಯಾನ್ ನನ್ನದು. ಮೂರು ಲಕ್ಷ ಕೊಟ್ಟಿದ್ದೇನೆ, ಒಂದು ಕಾಸು ಹೆಚ್ಚಿಲ್ಲ, ಒಂದು ಕಾಸು ಕಡಿಮೆಯಿಲ್ಲ. ಯಂತ್ರ ಇಲ್ಲದೆ ಎರಡು ಮಳೆಗಾಲ ಹಸಿ ಚಾದರಗಳನ್ನು ರಾತ್ರಿಯೆಲ್ಲ ಇಸ್ತ್ರಿಪೆಟ್ಟಿಗೆಯಲ್ಲೇ ಒಣಗಿಸಿದೆ, ಬಲ ಭುಜ ಇವತ್ತಿಗೂ ಪೂರ್ತಿ ಮೇಲೆ ಏಳುವುದಿಲ್ಲ. ಅದನ್ನೂ ಬೆಲೆಯಲ್ಲಿ ಸೇರಿಸಿಕೊಳ್ಳಿ. ಗಾಡಿಯ ಹೊರಮೈಯನ್ನು ವಾರಕ್ಕೊಮ್ಮೆ ನಾನೇ ತೊಳೆಯುತ್ತೇನೆ. ಮುಂದಿನ ದೊಡ್ಡ ಗಾಜನ್ನು ಮಾತ್ರ ಒಳಗಡೆಯಿಂದ ಈ ಆರು ವರ್ಷದಲ್ಲಿ ನಾನು ಒಂದು ಸಲವೂ ಒರೆಸಿಲ್ಲ. ಕೀಲಿ ನನ್ನೊಬ್ಬಳ ಹತ್ತಿರ ಇರುತ್ತದೆ. ಗಾಜಿನ ಮೇಲೆ ಒಂದು ಕಲೆ ಇಲ್ಲ.